ವಿನ್ಯಾಸವನ್ನೇ ದಾನವಿತ್ತವರು

ಕೊರತೆಯ ಕಾಲವು ವ್ಯಾಪಾರಕ್ಕೆ ಲಾಭದ ಕಾಲವೂ ಹೌದು, ಪರೀಕ್ಷೆಯ ಕಾಲವೂ ಹೌದು. 2020ರ ಮಾರ್ಚ್ 3ರಂದು ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಪ್ರಕಟಣೆಯೇ ಇದಕ್ಕೆ ಸಾಕ್ಷಿ. ಕೋವಿಡ್-19 ವ್ಯಾಧಿಯು ಹರಡತೊಡಗಿದ ಮೇಲೆ ವೈದ್ಯರು ಧರಿಸುವ ಸಾಮಾನ್ಯ ಮುಖಗವಸಿನ ಬೆಲೆಯು ಆರು ಪಟ್ಟಾಗಿತ್ತು. ಎನ್-95 ಮುಖಗವಸಿನದು ಮೂರು ಪಟ್ಟು, ನಿಲುವಂಗಿಯದು ಎರಡು ಪಟ್ಟು. ಜಗತ್ತಿಗೆ ತಿಂಗಳೊಂದಕ್ಕೆ 8 ಕೋಟಿ 90 ಲಕ್ಷ ಮುಖಗವಸುಗಳು ಬೇಕಾಗುವುವೆಂದೂ, ರಕ್ಷಣಾ ಸಾಮಗ್ರಿಗಳ ತಯಾರಿಕೆಯು ಶೇ. 40ರಷ್ಟು ಹೆಚ್ಚಬೇಕೆಂದೂ ಸಂಸ್ಥೆಯು ಅಂದಾಜು ಮಾಡಿತ್ತು. ಭಾರತ ಸರ್ಕಾರವು ಮಾರ್ಚ್ 13ರಂದು ಮುಖಗವಸನ್ನು ಅವಶ್ಯಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದು, ಮಾರ್ಚ್ 21ರಂದು ಮೂರು ಪದರದ ಮುಖಗವಸಿಗೆ 10 ರೂ. ಗರಿಷ್ಠ ಬೆಲೆಯನ್ನು ನಿಗದಿಗೊಳಿಸಿತು. ಕಾನೂನು ಲೋಭಕ್ಕೆ ಕಡಿವಾಣ ಹಾಕಬಲ್ಲದು. ಇಲ್ಲದ ಸರಕನ್ನು ಅದು ಸೃಷ್ಟಿಸಲಾರದು. ಆ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಮಾಡಿದವರು ಯಾರೂ ಕರೆಯದೆಯೇ ಮುಂದೆ ಬಂದ ಸ್ವಯಂಸೇವಕರು.

ಇದಕ್ಕೆ ಪೂರ್ವನಿದರ್ಶನವಿಲ್ಲದಿಲ್ಲ. 1910-11ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡಿತು. ಪೆನಾಂಗ್‌ನಲ್ಲಿ ಜನಿಸಿ ಕೇಂಬ್ರಿಜ್‌ನಲ್ಲಿ ಕಲಿತ ಡಾ. ವು ಲಿಯೆನ್-ತೆ ಅವರು, ರೋಗವು ಉಸಿರಿನ ಮೂಲಕ ಹರಡುತ್ತಿದೆಯೆಂದು ಗುರುತಿಸಿ, ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು ಮುಖಗವಸನ್ನು ರೂಪಿಸಿದರು. ಅದನ್ನು ಧರಿಸಲೊಪ್ಪದ ಫ್ರೆಂಚ್ ವೈದ್ಯ ಮೆಸ್ನಿ ಅವರು ಸೋಂಕು ತಗುಲಿ ಕೆಲವೇ ದಿನಗಳಲ್ಲಿ ಮೃತರಾದರು. ಎಲ್ಲೆಡೆ ದೊರೆಯುವ ಬಟ್ಟೆ, ಎಲ್ಲರಿಗೂ ಬರುವ ಹೊಲಿಗೆ: ಆ ಸಾಧನದ ಬಲವಿದ್ದುದು ಈ ಸರಳತೆಯಲ್ಲಿಯೇ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ರೆಡ್‌ಕ್ರಾಸ್ ಸ್ವಯಂಸೇವಕಿಯರು ಗಾಜ್ ಬಟ್ಟೆಯ ಮುಖಗವಸುಗಳನ್ನು ರಾಶಿರಾಶಿಯಾಗಿ ಹೊಲಿದು ಹಂಚಿದರು.

ಒಂದು ಶತಮಾನದ ತರುವಾಯ ಸೂಜಿದಾರದ ಜೊತೆಗೆ ತ್ರೀಡಿ ಪ್ರಿಂಟರ್ ಎಂಬ ಹೊಸ ಸಾಧನವೂ ಸೇರಿತು. ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಪದರದ ಮೇಲೆ ಪದರವಾಗಿ ಹಾಸಿ ವಸ್ತುವನ್ನು ರೂಪಿಸುವ ಯಂತ್ರವಿದು. ಪ್ರಾಗ್ ನಗರದ ಯೋಸೆಫ್ ಪ್ರೂಶಾ ಅವರ ಸಂಸ್ಥೆಯು ಅಂತಹ ಯಂತ್ರಗಳನ್ನು ತಯಾರಿಸುತ್ತದೆ. 2020ರ ಮಾರ್ಚಿಯಲ್ಲಿ ಅವರು ಮೂರೇ ದಿನಗಳಲ್ಲಿ ಫೇಸ್ ಶೀಲ್ಡ್ ಒಂದನ್ನು ವಿನ್ಯಾಸಗೊಳಿಸಿ, ಜೆಕ್ ಆರೋಗ್ಯ ಸಚಿವಾಲಯದೊಡನೆ ಪರಿಶೀಲಿಸಿ, ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸುವಂತೆ ಪ್ರಕಟಿಸಿದರು. ತಲೆಗೊಂದು ಪಟ್ಟಿ, ಪಾರದರ್ಶಕ ಹಾಳೆ, ಎಲಾಸ್ಟಿಕ್: ಇಷ್ಟೇ ಅದರ ಸಾಮಗ್ರಿ. ದೇಶದೇಶಗಳ ಸ್ವಯಂಸೇವಕರು ಮನೆ, ಶಾಲೆ, ಕಾರ್ಯಾಗಾರಗಳಲ್ಲಿ ಅದನ್ನು ತಯಾರಿಸಿ ಆಸ್ಪತ್ರೆಗಳಿಗೆ ಮುಟ್ಟಿಸಿದರು.

ಈ ಔದಾರ್ಯದ ಹಿಂದೆ ಒಂದು ಹಳೆಯ ಋಣವಿದ್ದುದು ಗಮನಾರ್ಹ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಅವರು ‘ರೆಪ್‌ರ್‍ಯಾಪ್’ ಎಂಬ ಯೋಜನೆಯನ್ನಾರಂಭಿಸಿ, ತಮ್ಮ ಯಂತ್ರದ ನಕ್ಷೆಯನ್ನು ಲೋಕಕ್ಕೆ ಮುಕ್ತವಾಗಿ ಕೊಟ್ಟಿದ್ದರು. ಅದನ್ನು ಪಡೆದು ತಿದ್ದಿ ಬೆಳೆಸಿದವರಲ್ಲಿ ಪ್ರೂಶಾ ಒಬ್ಬರು. ಬಡ್ಡಿಯಿಲ್ಲದೆ ದೊರೆತ ಮೂಲಧನವು ಹದಿನೈದು ವರ್ಷಗಳ ಬಳಿಕ ಹೀಗೆ ಲೋಕಕ್ಕೆ ಮರಳಿ ಸಂದಾಯವಾಯಿತು.

ಇಟಲಿಯ ಬ್ರೆಷಿಯಾದಲ್ಲಿ ಸಮಸ್ಯೆಯು ಬೇರೆ ರೂಪವನ್ನು ತಾಳಿತು. ನಿವೃತ್ತ ವೈದ್ಯ ರೆನಾತೊ ಫವೇರೊ ಅವರ ಸಲಹೆಯಂತೆ ಇಸಿನೋವಾ ಸಂಸ್ಥೆಯು, ಈಜುಗಾರರ ಮುಖವಾಡವನ್ನು ಆಮ್ಲಜನಕ ನೀಡುವ ಸಾಧನವಾಗಿ ಮಾರ್ಪಡಿಸಲು ‘ಷಾರ್ಲೊಟ್’ ಎಂಬ ಕವಾಟವನ್ನು ರೂಪಿಸಿತು. ಬಳಿಕ ಅದಕ್ಕೆ ಪೇಟೆಂಟನ್ನೂ ಕೋರಿತು. ಇದು ವಿರೋಧಾಭಾಸವೆನಿಸಬಹುದು. ಆದರೆ ಆ ಪೇಟೆಂಟಿನ ಉದ್ದೇಶ ಬೆಲೆಯೇರಿಸುವವರನ್ನು ತಡೆಯುವುದಾಗಿತ್ತು. ಬಳಕೆಯನ್ನು ಅವರು ಎಲ್ಲರಿಗೂ ಮುಕ್ತವಾಗಿಯೇ ಇಟ್ಟರು. ಬೇಲಿಯು ಅದೇ, ಕಟ್ಟಿದವನ ಭಾವ ಬೇರೆ.

ಭಾರತದಲ್ಲಿ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದು ಸರಕುಸಾಗಣೆ ದುಸ್ತರವಾದಾಗ, ಮುಂಬಯಿಯ ‘ಮೇಕರ್ಸ್ ಅಸೈಲಮ್’ ಎಂಬ ಕಾರ್ಯಾಗಾರದವರು ‘ಎಂ-19’ ಹೆಸರಿನ ಫೇಸ್ ಶೀಲ್ಡನ್ನು ರೂಪಿಸಿ ವಿನ್ಯಾಸವನ್ನು ಇತರರೊಡನೆ ಹಂಚಿಕೊಂಡರು. ಸರಕಿಗೆ ಬದಲಾಗಿ ನಕ್ಷೆಯೇ ಊರಿಂದೂರಿಗೆ ಸಂಚರಿಸಿತು. 42 ಊರುಗಳಲ್ಲಿ, 49 ದಿನಗಳಲ್ಲಿ 10 ಲಕ್ಷ ಫೇಸ್ ಶೀಲ್ಡುಗಳು ಸಿದ್ಧವಾದವು.

ಆದರೂ ಸದ್ಭಾವನೆಯೊಂದೇ ಸಾಲದೆಂಬುದನ್ನು ಮರೆಯಲಾಗದು. ಪ್ರಿಂಟರಿನಲ್ಲಿ ತಯಾರಿಸಿದ ಮುಖಗವಸು ಮುಖಕ್ಕೆ ಸರಿಯಾಗಿ ಅಂಟದೆ, ಗಾಳಿಯನ್ನು ಸೋಸದೆ ಹೋಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತ್ತು. ಕೆಟ್ಟ ಕವಚವು ಕವಚವಿಲ್ಲದಿರುವುದಕ್ಕಿಂತಲೂ ಅಪಾಯಕಾರಿ. ಏಕೆಂದರೆ ಅದು ಧರಿಸಿದವನ ಎಚ್ಚರವನ್ನೇ ಕಸಿಯುತ್ತದೆ. ಉಚಿತವಾಗಿ ಕೊಟ್ಟೆನೆಂಬ ಮಾತು ಈ ದೋಷವನ್ನು ತೊಳೆಯಲಾರದು. ಆದುದರಿಂದಲೇ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ವಿನ್ಯಾಸಗಳನ್ನು ಸಂಗ್ರಹಿಸಿ, ಆಸ್ಪತ್ರೆಗೆ ತಕ್ಕವು, ಸಾರ್ವಜನಿಕರ ಬಳಕೆಗೆ ತಕ್ಕವು ಎಂದು ಪರಿಶೀಲಿಸಿ ವಿಂಗಡಿಸಿದವು. ಇಟಲಿಯವರು ತಮ್ಮ ಸಾಧನವು ಪ್ರಮಾಣೀಕೃತವಲ್ಲವೆಂದು ಬಹಿರಂಗವಾಗಿ ತಿಳಿಸಿ, ರೋಗಿಯ ಲಿಖಿತ ಒಪ್ಪಿಗೆಯು ಅಗತ್ಯವೆಂದರು. ದಾನದಲ್ಲಿಯೂ ತೂಕ ಸರಿಯಿರಬೇಕೆಂಬ ವಿವೇಕವಿದು.

ವೇಗದ ಮಿತಿಯೂ ಇತ್ತು. ಪ್ರಿಂಟರಿನಲ್ಲಿ ಒಂದು ಪಟ್ಟಿಗೆ ಗಂಟೆಗಟ್ಟಲೆ ಹಿಡಿದರೆ, ಕಾರ್ಖಾನೆಯ ಅಚ್ಚಿಗೆ ಕೆಲವು ಕ್ಷಣಗಳು ಸಾಕು. ಕಾರ್ಖಾನೆಗಳು ಸಜ್ಜಾಗುವವರೆಗಿನ ಕಂದಕಕ್ಕೆ ಸೇತುವೆಯಾದುದೇ ಸ್ವಯಂಸೇವಕರ ಸಾಧನೆ; ಕಾರ್ಖಾನೆಯ ಸ್ಥಾನವನ್ನು ಅವರು ತುಂಬಲಿಲ್ಲ, ತುಂಬಬೇಕಾಗಿಯೂ ಇರಲಿಲ್ಲ.

ಒಂದು ಮೂಟೆ ಅಕ್ಕಿಯನ್ನು ಕೊಟ್ಟವನ ಉಗ್ರಾಣದಲ್ಲಿ ಒಂದು ಮೂಟೆ ಕಡಿಮೆಯಾಗುತ್ತದೆ. ನಕ್ಷೆಯನ್ನು ಕೊಟ್ಟವನ ಬಳಿ ನಕ್ಷೆಯು ಹಾಗೆಯೇ ಉಳಿಯುತ್ತದೆ. ಶೋಧಕನ ಜೀವನೋಪಾಯದ ಪ್ರಶ್ನೆಯು ನ್ಯಾಯವಾದುದೇ. ಆದರೆ ನಕ್ಷೆಯನ್ನು ಹಂಚಿದ ಪ್ರಾಗ್‌ನ ಸಂಸ್ಥೆಯು ಯಂತ್ರಗಳನ್ನು ಮಾರಿಯೇ ಬಾಳಿತು, ಬೆಳೆಯಿತು. ಜೀವವನ್ನುಳಿಸುವ ತಿಳಿವಳಿಕೆಯನ್ನು ಸಂಕಟದ ಸಮಯದಲ್ಲಿ ಬೀಗ ಹಾಕಿ ಇಡುವವನು ನಷ್ಟದ ಭಯವನ್ನು ಮುಂದೊಡ್ಡುವ ಮೊದಲು, ಆ ತಿಳಿವಳಿಕೆಯಲ್ಲಿ ತಾನು ಇತರರಿಂದ ಪಡೆದುದೆಷ್ಟೆಂಬುದನ್ನು ಖಾತೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು.