ಕಮೇಯಿದೋದ ಕಚೇರಿ: ಕೇಳುವವರು ಯಾರು, ತೀರ್ಮಾನಿಸುವವರು ಯಾರು?

ಕೋಟೋ ವಾರ್ಡಿನ ಓಜಿಮಾದಲ್ಲಿರುವ ಮಗಳ ಮನೆಗೆ ನಾನು ಬಂದಾಗಲೆಲ್ಲ ನಮ್ಮ ಬಳಗದವರು ಒಬ್ಬೊಬ್ಬರಾಗಿ ಬಂದು ಬಿಪಿ, ಶುಗರ್, ಮಕ್ಕಳ ಕೆಮ್ಮು ಎಂದು ವಿಚಾರಿಸುವುದು ವಾಡಿಕೆ. ನಿವೃತ್ತಿ ಹೊಂದಿದರೂ ವೈದ್ಯರಿಗೆ ಬಿಡುಗಡೆ ಇಲ್ಲ. ಕಳೆದ ಸಲ ಬಂದ ಒಬ್ಬ ಎಳೆಯ ತಾಯಿಯ ಪ್ರಶ್ನೆ ಮಾತ್ರ ಔಷಧಿಯದಾಗಿರಲಿಲ್ಲ. ಬಸುರಿಯಾಗಿದ್ದಾಗ ಡಾಕ್ಟರ್ ಚೀಟಿ ಕೊಟ್ಟು ಹಗುರ ಕೆಲಸ ಕೇಳಿದ್ದಳಂತೆ. ರಜೆ ಮುಗಿಸಿ ಮರಳಿದಾಗ ಅವಳು ನಡೆಸುತ್ತಿದ್ದ ತಂಡ ಬೇರೆಯವರ ಕೈಗೆ ಹೋಗಿತ್ತು. "ಆಂಟಿ, ಕಮೇಯಿದೋದಲ್ಲಿ ಲೇಬರ್ ಆಫೀಸ್ ಇದೆಯಂತಲ್ಲ, ಅಲ್ಲಿ ಹೋಗಿ ದೂರು ಕೊಟ್ಟರೆ ತೀರ್ಪು ಕೊಡ್ತಾರಾ?" ಎಂದು ಕೇಳಿದಳು.

ನನಗೆ ಉತ್ತರ ತಿಳಿದಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸವನ್ನು ಬಳಗದ ಮುಂದಿಡುತ್ತಿದ್ದೇನೆ.

ನಮ್ಮ ಕಾಲ ಕೆಳಗಿನ ನೆಲ

ಇಂದು ನಾವು ತರಕಾರಿ ಕೊಳ್ಳಲು ಓಡಾಡುವ ಕಮೇಯಿದೋ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಹಳ್ಳಿಗಳಿಂದ ಕರೆತಂದ ಹುಡುಗಿಯರು ಗಿರಣಿಯ ವಸತಿಯಲ್ಲೇ ಇದ್ದುಕೊಂಡು ಹಗಲು ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದರು. ಇಲ್ಲಿನ ಮಸ್ಲಿನ್ ಗಿರಣಿಯೊಂದರಲ್ಲಿ ಕೆಲಸ ಮಾಡಿದ ಹೊಸೊಯಿ ವಾಕಿಜೋ ಎಂಬಾತ ಅವರ ಬದುಕನ್ನು 'ಜೋಕೋ ಐಶಿ', ಅಂದರೆ ಗಿರಣಿ ಹೆಣ್ಣುಮಕ್ಕಳ ದುಃಖದ ಚರಿತ್ರೆ, ಎಂಬ ಪುಸ್ತಕವಾಗಿಸಿದ. ಅದು ಹೊರಬಂದದ್ದು 1925ರ ಜುಲೈನಲ್ಲಿ. ಮುಂದಿನ ತಿಂಗಳೇ ಆತ ತೀರಿಕೊಂಡ. ವಯಸ್ಸು ಬರೀ 28.

ಅದಕ್ಕೂ ಮೊದಲು, 1913ರಲ್ಲಿ, ಇಶಿಹಾರಾ ಒಸಾಮು ಎಂಬ ವೈದ್ಯರು ಗಿರಣಿ ಹುಡುಗಿಯರ ಕ್ಷಯರೋಗದ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದರು. ಕಾಯಿಲೆ ಬಿದ್ದವರನ್ನು ಊರಿಗೆ ಕಳುಹಿಸಿಬಿಟ್ಟರೆ ಗಿರಣಿಯ ಪುಸ್ತಕದಲ್ಲಿ ಸಾವು ಕಾಣುವುದಿಲ್ಲ. ಇಶಿಹಾರಾ ಊರಿಗೆ ಮರಳಿದವರ ಲೆಕ್ಕವನ್ನೂ ಹಿಡಿದರು. ರೋಗಿ ಕಣ್ಮರೆಯಾದ ಮಾತ್ರಕ್ಕೆ ರೋಗ ವಾಸಿಯಾಗಿಲ್ಲ ಎಂಬ ಈ ಪಾಠವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1911ರ ಕಾರ್ಖಾನೆ ಕಾಯ್ದೆ ಜಾರಿಗೆ ಬಂದದ್ದು 1916ರಲ್ಲಿ. ಹೆಂಗಸರ ರಾತ್ರಿ ಪಾಳಿ ನಿಂತದ್ದು 1929ರ ಜುಲೈನಲ್ಲಿ. ಮರುವರ್ಷ ಕಮೇಯಿದೋದ ತೋಯೋ ಮಸ್ಲಿನ್ ಗಿರಣಿಯ ಹೆಣ್ಣುಮಕ್ಕಳು ಕೆಲಸದಿಂದ ತೆಗೆಯುವುದನ್ನು ವಿರೋಧಿಸಿ ದೊಡ್ಡ ಮುಷ್ಕರ ಹೂಡಿ ಸೋತರು. ಅಂದು ಅವರಿಗೆ ಬೀದಿ ಇತ್ತು, ದೂರು ಕೊಡಲು ಕಚೇರಿ ಇರಲಿಲ್ಲ.

1947: ಕಚೇರಿ ಬಂತು

ಫುಕಾಗಾವಾ ಮತ್ತು ಜೋತೋ ವಾರ್ಡುಗಳು ಕೂಡಿ ಕೋಟೋ ಆದದ್ದು 1947ರ ಮಾರ್ಚ್ 15ರಂದು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಕಾರ್ಮಿಕ ಮಾನದಂಡ ಕಾಯ್ದೆ ಜಾರಿಗೆ ಬಂತು. ಜನರ ಬಾಯಲ್ಲಿ 'ರೋಕಿ' ಎನಿಸಿಕೊಳ್ಳುವ ತಪಾಸಣಾ ಕಚೇರಿಗಳಿಗೆ ಬಲ ಕೊಟ್ಟದ್ದು ಈ ಕಾಯ್ದೆ. ಕೋಟೋದ ಕಚೇರಿ ಇರುವುದು ಕಮೇಯಿದೋದಲ್ಲಿ.

ಅಲ್ಲಿನ ತಪಾಸಣಾಧಿಕಾರಿಗೆ ಸಣ್ಣ ಅಧಿಕಾರವೇನೂ ಇಲ್ಲ. ಕಾರ್ಖಾನೆಯೊಳಗೆ ಹೋಗಬಹುದು, ಪುಸ್ತಕ ತರಿಸಿ ನೋಡಬಹುದು, ಈ ಕಾಯ್ದೆಯ ಅಪರಾಧಗಳ ಮಟ್ಟಿಗೆ ಪೊಲೀಸ್ ಅಧಿಕಾರಿಯಂತೆ ತನಿಖೆ ನಡೆಸಬಹುದು. ಕಾಯ್ದೆಯ 3ನೆಯ ವಿಧಿಯ ಪ್ರಕಾರ ರಾಷ್ಟ್ರೀಯತೆ, ನಂಬಿಕೆ, ಸಾಮಾಜಿಕ ಸ್ಥಾನ ಇವುಗಳ ಆಧಾರದ ಮೇಲೆ ಕೂಲಿಯಲ್ಲಾಗಲಿ ಕೆಲಸದ ಷರತ್ತುಗಳಲ್ಲಾಗಲಿ ಭೇದ ಮಾಡುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸೆರೆ ಅಥವಾ 3 ಲಕ್ಷ ಯೆನ್‌ವರೆಗೆ ದಂಡ. ವಿದೇಶಿಯರಾದ ನಮಗೆ ಇದು ಮುಖ್ಯ.

ಆದರೆ ಆ ಪಟ್ಟಿಯಲ್ಲಿ ಹೆಣ್ಣು, ಗಂಡು ಎಂಬ ಮಾತು ಇಲ್ಲ. ಹೆಣ್ಣಿನ ಬಗ್ಗೆ 4ನೆಯ ವಿಧಿ ಹೇಳುವುದು ಸಮಾನ ಕೂಲಿಯ ವಿಷಯ ಮಾತ್ರ. ಬಡ್ತಿ, ನಿವೃತ್ತಿ, ಮದುವೆಯ ವಿಷಯದ ಭೇದವೆಲ್ಲ ತಪಾಸಣಾಧಿಕಾರಿಯ ಕೈಗೆ ಸಿಗದೆ ಹೊರಗುಳಿಯಿತು. ಇನ್ನೊಂದು ಮಿತಿಯೂ ಇತ್ತು. ಅವರು ಮಾಲೀಕರನ್ನು ಎಚ್ಚರಿಸಬಹುದು, ಮೊಕದ್ದಮೆಗೆ ಕಳುಹಿಸಬಹುದು. 'ಈಕೆಯ ಹುದ್ದೆ ಈಕೆಗೆ ಸಲ್ಲಬೇಕು' ಎಂದು ತೀರ್ಪು ಕೊಡುವಂತಿಲ್ಲ.

ತೀರ್ಪು ಕೋರ್ಟಿನಿಂದ ಬಂತು

ಹೀಗಾಗಿ ಒಬ್ಬೊಬ್ಬರೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸುಮಿತೋಮೋ ಸಿಮೆಂಟ್ ಕಂಪನಿ ಹೆಣ್ಣುಮಕ್ಕಳಿಂದ 'ಮದುವೆಯಾದರೆ ಕೆಲಸ ಬಿಡುತ್ತೇನೆ' ಎಂದು ಬರೆಸಿಕೊಳ್ಳುತ್ತಿತ್ತು. 1966ರ ಡಿಸೆಂಬರ್‌ನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಇಂಥ ಮುಚ್ಚಳಿಕೆ ಸಾರ್ವಜನಿಕ ನೀತಿಗೆ ವಿರುದ್ಧ, ಅಸಿಂಧು ಎಂದಿತು.

ಇದನ್ನು ಓದಿದಾಗ ನನಗೆ ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು ನೆನಪಾದರು. 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಅವರಿಂದಲೂ ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಬರೆಸಿಕೊಂಡಿದ್ದರು! ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಆದ್ದರಿಂದ 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ಮುಗಿಸಿದರೂ, ಸೇವಾ ನಿಯಮಗಳಲ್ಲಿದ್ದ ಹೆಣ್ಣಿನ ಮೇಲಿನ ಭೇದವನ್ನು ಕಟುವಾಗಿ ಟೀಕಿಸಿ, ಅವನ್ನೆಲ್ಲ ತಿದ್ದಬೇಕೆಂದು ಹೇಳಿದರು. ಟೋಕಿಯೋದ ಸಿಮೆಂಟ್ ಕಂಪನಿ, ದೆಹಲಿಯ ಸಚಿವಾಲಯ: ಎರಡೂ ಕಡೆ ಒಂದೇ ಮುಚ್ಚಳಿಕೆ!

ಜಪಾನಿನಲ್ಲಿ ಮುಂದೆ ಇನ್ನೆರಡು ತೀರ್ಪುಗಳು ಬಂದವು. ಇಲ್ಲೇ ಹುಟ್ಟಿ ಬೆಳೆದ ಕೊರಿಯನ್ ಮೂಲದ ಪಾಕ್ ಜೊಂಗ್‌ಸೊಕ್ ಅವರ ಹಿನ್ನೆಲೆ ತಿಳಿದ ಮೇಲೆ ಹಿತಾಚಿ ಕಂಪನಿ ನೇಮಕಾತಿಯನ್ನು ಹಿಂತೆಗೆದುಕೊಂಡಿತ್ತು. 1974ರಲ್ಲಿ ಯೋಕೋಹಾಮಾ ನ್ಯಾಯಾಲಯ ಅದು ಅಸಿಂಧು ಎಂದಿತು. 1981ರಲ್ಲಿ ಸುಪ್ರೀಂ ಕೋರ್ಟ್, ನಿಸ್ಸಾನ್ ಕಂಪನಿ ಗಂಡಸರಿಗೆ 60, ಹೆಂಗಸರಿಗೆ 55 ಎಂದು ಬೇರೆ ಬೇರೆ ನಿವೃತ್ತಿ ವಯಸ್ಸು ಇಟ್ಟದ್ದನ್ನು ತಳ್ಳಿಹಾಕಿತು.

ಬಾಗಿಲು ತೆರೆದಿತ್ತು, ಒಳಗೆ ಹೋದದ್ದು ಒಂದೇ ಪ್ರಕರಣ

1985ರಲ್ಲಿ ಸಮಾನ ಉದ್ಯೋಗಾವಕಾಶ ಕಾಯ್ದೆ ಬಂತು, 1986ರ ಏಪ್ರಿಲ್‌ನಿಂದ ಜಾರಿಯಾಯಿತು. ದೂರು ಬಂದರೆ ತಜ್ಞರ ಸಮಿತಿಯ ಮುಂದೆ ರಾಜಿ ಸಂಧಾನ ನಡೆಸುವ ಏರ್ಪಾಡು ಅದರಲ್ಲಿತ್ತು. ಆದರೆ ಮಾಲೀಕರೂ ಒಪ್ಪಬೇಕು ಎಂಬ ಷರತ್ತು! ಅದನ್ನು ತೆಗೆದು ಹಾಕಿದ ತಿದ್ದುಪಡಿ 1999ರಲ್ಲಿ ಜಾರಿಗೆ ಬರುವವರೆಗೆ, ಹದಿಮೂರು ವರ್ಷಗಳಲ್ಲಿ, ಸಂಧಾನ ಆರಂಭವಾದದ್ದು ಒಂದೇ ಒಂದು ಪ್ರಕರಣದಲ್ಲಿ. ಇಶಿಹಾರಾ ಅವರ ಪಾಠ ಇಲ್ಲಿಗೂ ಹೊಂದುತ್ತದೆ: ಲೆಕ್ಕದಲ್ಲಿ ದೂರು ಕಾಣದಿದ್ದರೆ ಭೇದ ಇಲ್ಲವೆಂದು ಅರ್ಥವಲ್ಲ.

ಅಮೆರಿಕದಲ್ಲಿ ನೆಲೆಸಿರುವ ನೆಂಟರು ನಮ್ಮಲ್ಲಿ ಹಲವರಿಗಿದ್ದಾರೆ, ಅವರಿಂದ ಬೇರೆಯೇ ಚಿತ್ರ ಕೇಳಿರುತ್ತೇವೆ. 1965ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಸಮಾನಾವಕಾಶ ಆಯೋಗದಲ್ಲಿ ಆಡಳಿತ ನ್ಯಾಯಾಧೀಶರೆಂಬ ಸರ್ಕಾರಿ ವಕೀಲರಿದ್ದಾರೆ. ಕೇಂದ್ರ ಸರ್ಕಾರದ ನೌಕರರ ದೂರುಗಳನ್ನು ಅವರೇ ವಿಚಾರಿಸಿ ತೀರ್ಮಾನ ಬರೆಯುತ್ತಾರೆ. ಕಡತ ಹಂಚಲು, ಕೆಲಸ ನೋಡಿಕೊಳ್ಳಲು ಅವರ ಮೇಲೆ ಮೇಲ್ವಿಚಾರಕ ನ್ಯಾಯಾಧೀಶರಿರುತ್ತಾರೆ. ಅಲ್ಲಿಯೂ 1999ರವರೆಗೆ ದೂರಿಗೆ ಗುರಿಯಾದ ಇಲಾಖೆಯೇ ಆ ತೀರ್ಮಾನವನ್ನು ಬದಲಿಸಬಹುದಿತ್ತು. ಆ ವರ್ಷದ ನವೆಂಬರ್‌ನಲ್ಲಿ ಬಂದ ನಿಯಮದಿಂದ ಇಲಾಖೆ ಒಂದೋ ಒಪ್ಪಬೇಕು, ಇಲ್ಲವೇ ಮೇಲ್ಮನವಿ ಹೋಗಬೇಕು ಎಂದಾಯಿತು. ಖಾಸಗಿ ಕಂಪನಿಗಳ ವಿಷಯದಲ್ಲಿ ಮಾತ್ರ ಅಮೆರಿಕದಲ್ಲೂ ಕೊನೆಯ ಮಾತು ಕೋರ್ಟಿನದೇ.

ಜಪಾನ್ ಆರಿಸಿದ ದಾರಿ ಬೇರೆ. 2001ರಿಂದ ತಪಾಸಣಾ ಕಚೇರಿಗಳಲ್ಲೂ ಎಲ್ಲ ಬಗೆಯ ಕೆಲಸದ ತಕರಾರುಗಳಿಗೆ ಉಚಿತ ಸಲಹಾ ಕೇಂದ್ರಗಳಾದವು. 2006ರ ಏಪ್ರಿಲ್‌ನಲ್ಲಿ ಕಾರ್ಮಿಕ ನ್ಯಾಯಮಂಡಳಿ ಶುರುವಾಯಿತು. ಜಿಲ್ಲಾ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು, ಕಾರ್ಮಿಕರ ಮತ್ತು ಮಾಲೀಕರ ಕಡೆಯ ಕೆಲಸ ಬಲ್ಲ ಇಬ್ಬರು ಸದಸ್ಯರು ಕೂತು, ಸಾಮಾನ್ಯವಾಗಿ ಮೂರು ಬೈಠಕ್ಕಿನೊಳಗೆ ರಾಜಿ ಮಾಡಿಸುತ್ತಾರೆ ಅಥವಾ ತೀರ್ಮಾನ ಕೊಡುತ್ತಾರೆ. ಎರಡು ವಾರದೊಳಗೆ ಯಾರಾದರೂ ಆಕ್ಷೇಪಿಸಿದರೆ ವಿಷಯ ಮಾಮೂಲಿ ಮೊಕದ್ದಮೆಯಾಗುತ್ತದೆ.

ಹಗುರ ಕೆಲಸದ ಚೀಟಿ

2014ರ ಅಕ್ಟೋಬರ್ 23ರ ತೀರ್ಪನ್ನು ನಾನು ಎರಡೆರಡು ಸಲ ಓದಿದೆ. ಹಿರೋಷಿಮಾದ ಆಸ್ಪತ್ರೆಯೊಂದರ ಫಿಸಿಯೋಥೆರಪಿಸ್ಟ್ ಬಸುರಿಯಾದಾಗ ಹಗುರ ಕೆಲಸ ಕೇಳಿದ್ದರು. ಅದರ ಜೊತೆಗೇ ಅವರ ಮೇಲ್ವಿಚಾರಕ ಸ್ಥಾನ ಹೋಯಿತು, ರಜೆಯ ನಂತರವೂ ಮರಳಲಿಲ್ಲ. ಎರಡು ಕೋರ್ಟುಗಳಲ್ಲಿ ಸೋತರು. ಸುಪ್ರೀಂ ಕೋರ್ಟ್ ಮಾತ್ರ, ಹಗುರ ಕೆಲಸ ಕೇಳಿದ್ದನ್ನೇ ಕಾರಣವಾಗಿಸಿ ಹಿಂಬಡ್ತಿ ಕೊಡುವುದು ಸಾಮಾನ್ಯವಾಗಿ ಕಾನೂನುಬಾಹಿರ ಎಂದಿತು. ಆಕೆ ಮನಸಾರೆ ಒಪ್ಪಿದ್ದರೆ ಅಥವಾ ವಿಶೇಷ ಕಾರಣವಿದ್ದರೆ ಮಾತ್ರ ವಿನಾಯಿತಿ. 2015ರ ನವೆಂಬರ್‌ನಲ್ಲಿ ಹಿರೋಷಿಮಾ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ, ಸರ್ಕಾರದ ಶಿಫಾರಸನ್ನು ಧಿಕ್ಕರಿಸಿದ ಮಾಲೀಕರ ಹೆಸರನ್ನು ಈ ಕಾಯ್ದೆಯಡಿ ಮೊದಲ ಬಾರಿಗೆ ಪ್ರಕಟಿಸಲಾಯಿತು. ಅದು ಬಸುರಿ ನೌಕರಳನ್ನು ಕೆಲಸದಿಂದ ತೆಗೆದ ಒಂದು ಚಿಕಿತ್ಸಾಲಯ! ನಮ್ಮ ವೃತ್ತಿಯವರೇ.

ನಾನೂ ನೂರಾರು ಬಸುರಿಯರಿಗೆ 'ಹಗುರ ಕೆಲಸ ಕೊಡಿ' ಎಂದು ಚೀಟಿ ಬರೆದಿದ್ದೇನೆ. ಆ ಚೀಟಿ ಹಿಡಿದು ಹೋದವಳ ಹುದ್ದೆ ಏನಾಯಿತು ಎಂದು ಒಮ್ಮೆಯೂ ಕೇಳಿದವಳಲ್ಲ. ತಾಯಿ, ಮಗು ಕ್ಷೇಮ ಎಂದಮೇಲೆ ನನ್ನ ಕಡತ ಮುಗಿಯುತ್ತಿತ್ತು.

ಆ ಎಳೆಯ ತಾಯಿಗೆ ನಾನು ಹೇಳಿದ್ದು ಇಷ್ಟು. ಕಮೇಯಿದೋದಲ್ಲಿ ತೀರ್ಪು ಸಿಗುವುದಿಲ್ಲಮ್ಮ, ಆದರೆ ದಾರಿ ಅಲ್ಲಿಂದ ಶುರುವಾಗುತ್ತದೆ. ಸಂಬಳ ಬಾಕಿ, ಹೆಚ್ಚುವರಿ ಹೊತ್ತಿನ ದುಡಿಮೆ, ರಾಷ್ಟ್ರೀಯತೆಯ ಭೇದ ಇದ್ದರೆ ತಪಾಸಣಾಧಿಕಾರಿ. ಯಾವ ಕಚೇರಿ ಎಂಬುದು ಮನೆಯ ವಿಳಾಸದಿಂದಲ್ಲ, ಕೆಲಸದ ಜಾಗದಿಂದ ನಿರ್ಧಾರವಾಗುತ್ತದೆ. ಬಸಿರು, ಹೆರಿಗೆ, ಹೆಣ್ಣೆಂಬ ಭೇದವಾದರೆ ಟೋಕಿಯೋ ಕಾರ್ಮಿಕ ಬ್ಯೂರೋದ ಸಮಾನತೆ ವಿಭಾಗ. ಅವರು ಮಾಲೀಕರಿಗೆ ತಿಳಿಹೇಳುತ್ತಾರೆ, ಸಂಧಾನ ನಡೆಸುತ್ತಾರೆ. ಅಲ್ಲಿಯೂ ಬಗೆಹರಿಯದಿದ್ದರೆ ಮಂಡಳಿ ಅಥವಾ ಕೋರ್ಟ್. ಅಲ್ಲಿ ಕಲಾಪ ನಡೆಯುವುದು ಜಪಾನಿ ಭಾಷೆಯಲ್ಲಿ, ವಕೀಲರಿದ್ದರೆ ಒಳ್ಳೆಯದು. ಬಸಿರಿನಲ್ಲಿ ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ಕೆಲಸದಿಂದಲೇ ತೆಗೆದರೆ, ಕಾರಣ ಬೇರೆ ಎಂದು ರುಜುವಾತು ಮಾಡಬೇಕಾದವರು ಮಾಲೀಕರು.

ಮುಖ್ಯವಾಗಿ, ಎಲ್ಲವನ್ನೂ ಬರೆದಿಡು ಎಂದೆ: ಯಾವ ದಿನ, ಯಾರು, ಏನು ಹೇಳಿದರು. ಡಾಕ್ಟರ್ ಚೀಟಿಯ ನಕಲು ಇಟ್ಟುಕೋ. ಮನಸ್ಸಿಗೆ ಒಪ್ಪದ ಕಾಗದಕ್ಕೆ ಸಹಿ ಹಾಕಬೇಡ. ಮುತ್ತಮ್ಮನವರ ಕಾಲದಿಂದಲೂ ತೊಂದರೆ ಶುರುವಾಗುವುದು ಸಹಿಯಿಂದಲೇ.

ಬಳಗದಲ್ಲಿ ಜಪಾನಿ ಚೆನ್ನಾಗಿ ಬಲ್ಲ ಮಕ್ಕಳು ಈಗ ಬೆಳೆದಿದ್ದಾರೆ. ಮುಂದೆ ಯಾರಾದರೂ ಆ ಕಚೇರಿಗೆ ಹೋಗಬೇಕಾಗಿ ಬಂದರೆ, ಒಬ್ಬರನ್ನೇ ಕಳುಹಿಸದೆ ಅವರಲ್ಲೊಬ್ಬರು ಜೊತೆಗೆ ಹೋಗಲಿ. ಮಾತು ಬಾರದಿದ್ದರೂ ನಾನಂತೂ ಬರುತ್ತೇನೆ.