ಗಂಜಿ ಕಾಯಿಸಿದ ಕೈ

ಯೋಹಾನನ ಸುವಾರ್ತೆಯಲ್ಲಿ ಒಂದು ಬಾವಿ ಇದೆ. ನಡುಮಧ್ಯಾಹ್ನ ದಣಿದು ಬಂದ ಯೇಸು, ನೀರು ಸೇದಲು ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಆಕೆಗೆ ಗಾಬರಿ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುವವರಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಕೇರಿಗಳಲ್ಲಿ ಈ ಕತೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿಂದ ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವರ ಮಕ್ಕಳು ನಾವು. ಆದರೆ ಗೆಳೆಯರೇ, ಒಂದು ಮಾತು ಗಮನಿಸಬೇಕು. ಯೇಸು ಆಕೆಗೆ ಮೊದಲು ಏನನ್ನೂ ಕೊಡಲಿಲ್ಲ, ಕೇಳಿದ. ಅತಿಥಿಸತ್ಕಾರ ಅಂದರೆ ಕೊಡೋದು ಅಂತ ಮಠಗಳೂ ಚರ್ಚುಗಳೂ ಒಂದೇ ಸಮನೆ ಹೇಳಿಕೊಂಡು ಬಂದಿವೆ. ಕೊಡೋದು ಸುಲಭ. ಹೊಲೆಮಾದಿಗರ ಕೈಯಿಂದ ಇಸಕೊಂಡು ಉಣ್ಣೋದು ಕಷ್ಟ. ನಮ್ಮ ಸೀಮೆಯ ಸಣ್ಣ ಸಭೆಗಳ ಚರಿತ್ರೆಯನ್ನು ಈ ಕಷ್ಟದ ಕಡೆಯಿಂದ ಓದಬೇಕು.

ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರ. 1881ಕ್ಕೆ 41 ಲಕ್ಷ 86 ಸಾವಿರ. ಹೊಲವಿಲ್ಲದವನ ಮನೆಯಲ್ಲಿ ಹಗೇವು ಎಲ್ಲಿಂದ ಬರಬೇಕು? ಕೂಲಿ ನಿಂತ ದಿನವೇ ಅವನ ಮಡಕೆ ಮಗುಚಿಬಿತ್ತು. ಆ ಬರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿ ಕ್ಯಾಥೊಲಿಕ್ ಮಿಷನ್ನು ನೆಲಮಂಗಲ ತಾಲೂಕಿನ ಸಿಲುವೇಪುರದಲ್ಲಿ, ಕನಕಾನಹಳ್ಳಿ ತಾಲೂಕಿನ ಮರಿಯಾಪುರದಲ್ಲಿ ಬೇಸಾಯದ ನೆಲೆಗಳನ್ನು ಮಾಡಿತು. ಹೊಸಕೋಟೆಯಾಚೆ ಕೋಲಾರದಲ್ಲಿ ಮಿಸ್ ಆನ್‌ಸ್ಟೇ ಎಂಬ ಇಂಗ್ಲಿಷ್ ಹೆಂಗಸು ಬರದ ಕೂಸುಗಳಿಗೆ ಅನಾಥಾಲಯ ನಡೆಸಿದಳು. 1890ರಲ್ಲಿ ಅದು ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಸಿಲುವೆ ಅಂದರೆ ಶಿಲುಬೆ. ಅಪ್ಪ ಅವ್ವ ಸತ್ತು, ಜಾತಿ ಹೇಳೋರೇ ಇಲ್ಲದ ಕೂಸನ್ನು ‘ನೀನು ಯಾವ ಪೈಕಿ?’ ಅಂತ ಕೇಳಿ ಏನು ಬಂತು? ಎಲ್ಲರಿಗೂ ಒಂದೇ ಹಂಡೆಯ ಗಂಜಿ.

ಆದರೆ ಸರ್ಕಾರದ ಗಂಜಿಮನೆಗಳಲ್ಲಿ ಬೇಯಿಸಿದವರು ಯಾರು ಅಂತ ವಿಚಾರಿಸಿ, ಹಸಿವಿನಲ್ಲೂ ಹಿಂದೆ ಸರಿದವರಿದ್ದರು. ಜಾತಿಯ ಹೊಟ್ಟೆ ಅನ್ನದ ಹೊಟ್ಟೆಗಿಂತ ದೊಡ್ಡದು! ಗಂಜಿ ಕುಡಿದು ಬದುಕಿದವರಿಗೋ, ಗಂಜಿಗಾಗಿ ಜಾತಿ ಕೆಟ್ಟರು ಅನ್ನೋ ಮೂದಲಿಕೆ. ಒಂದು ಹಿಡಿ ರಾಗಿ ಇಕ್ಕದವರು ಈ ಮಾತಾಡುವ ಹಕ್ಕನ್ನು ಎಲ್ಲಿಂದ ತಂದರು?

ಇಷ್ಟು ಹೇಳಿ ಚರ್ಚಿಗೆ ಹಾರ ಹಾಕಿ ಕೂರಲಾಗದು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಪಾದ್ರಿ ಚಿನ್ನಮಿ ಸಂನ್ಯಾಸಿಯ ವೇಷ ತೊಟ್ಟ. ಮೇಲ್ಜಾತಿಯ ಬಾಗಿಲು ತೆರೆಯಲಿ ಎಂಬ ಲೆಕ್ಕ. ಆ ವೇಷಕ್ಕೆ ಬೆಲೆ ತೆತ್ತವರು ಹೊಲಗೇರಿಯವರು. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟನು ದಕ್ಷಿಣದ ಮಿಷನ್ನುಗಳಲ್ಲಿ ಅಸ್ಪೃಶ್ಯರಿಗೆಂದೇ ಬೇರೆ ಪಾದ್ರಿಗಳನ್ನಿಡುವ ಏರ್ಪಾಟಿಗೆ ಒಪ್ಪಿಗೆ ಕೊಟ್ಟ. ದೇವರು ಒಬ್ಬನೇ, ಪಾದ್ರಿ ಮಾತ್ರ ಬೇರೆ! ತಮಿಳು ಸೀಮೆಯ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿಜಾತಿಗೆ ನಡುವೆ ನಿಂತ ಗೋಡೆ ಬಿದ್ದದ್ದು 1910ರಲ್ಲಿ.

ಪ್ರಾಟೆಸ್ಟೆಂಟರಲ್ಲಿ ಮದ್ರಾಸಿನ ಮಿಷನರಿ ಸಮ್ಮೇಳನ 1850ರಲ್ಲಿ ಒಂದು ನಿರ್ಣಯ ಮಾಡಿತು: ಯಾವ ಜಾತಿಯವರು ಬೇಯಿಸಿದ್ದನ್ನಾದರೂ ಉಣ್ಣದವನಿಗೆ ದೀಕ್ಷಾಸ್ನಾನವಿಲ್ಲ. ನನಗೆ ಇದು ಇಡೀ ಮಿಷನ್ ಚರಿತ್ರೆಯ ಅತಿ ದೊಡ್ಡ ಮಾತು ಅನ್ನಿಸುತ್ತದೆ. ನಂಬಿಕೆಯನ್ನು ಬಾಯಿಪಾಠದಿಂದಲ್ಲ, ತುತ್ತಿನಿಂದ ಅಳೆಯುವುದು. ಇದು ಅಂತಿಯೋಕ್ಯದ ಹಳೇ ಜಗಳವೇ. ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ತನ್ನ ಕಡೆಯವರು ಬರುತ್ತಲೂ ಪಂಕ್ತಿ ಬಿಟ್ಟು ಎದ್ದ. ಪೌಲ ಎದುರಿಗೇ ನಿಂತು ತರಾಟೆಗೆ ತೆಗೆದುಕೊಂಡ. ಸಹಭೋಜನದಿಂದಲೇ ಜಾತಿ ಸಾಯದು ಎಂದು ಬಾಬಾಸಾಹೇಬರು 1936ರಲ್ಲಿ ಬರೆದರು. ಅದು ನಿಜ. ಎಲೆ ಎತ್ತಿದ ಮೇಲೆ ಸಂಬಂಧ ಬೆಳೆಸಲು ಮತ್ತೆ ಪೈಕಿ ಹುಡುಕುವವರು ಸಭೆಗಳಲ್ಲೂ ಇದ್ದಾರೆ.

ಇನ್ನು ರಾಜ್ಯದ ಬಾಗಿಲು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತನಾದ ದಲಿತ ಹೊರಗೇ ಉಳಿದ. ಮದ್ರಾಸಿನ ಚಮ್ಮಾರನೊಬ್ಬನ ಮೊಕದ್ದಮೆಯಲ್ಲಿ, ಹೊಸ ಧರ್ಮದಲ್ಲೂ ಹಳೇ ಹಿಂಸೆ ಅಷ್ಟೇ ಇದೆ ಎಂಬುದಕ್ಕೆ ಆಧಾರ ಸಾಲದು ಎಂದಿತು ಸುಪ್ರೀಂ ಕೋರ್ಟು, 1985ರಲ್ಲಿ. ಹಾಗಾಗಿ ಭಾನುವಾರಕ್ಕೊಂದು ಹೆಸರು, ತಾಲೂಕು ಕಚೇರಿಗೊಂದು ಹೆಸರು. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬಾರದು. 2022ರ ಕರ್ನಾಟಕದ ಮತಾಂತರ ಕಾಯ್ದೆ ಉಡುಗೊರೆಯನ್ನೂ ಧರ್ಮಸಂಸ್ಥೆಯ ಶಾಲೆಯ ಉಚಿತ ಓದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಅಷ್ಟರಲ್ಲಿ ಒಂದು ಲೋಟ ಟೀ ಕೊಡೋಕೂ ಜನ ಹಿಂದೆಮುಂದೆ ನೋಡುವಂತಾಗಿತ್ತು.

ದೇವನಹಳ್ಳಿ ಕಡೆಯ ಒಂದು ಸಣ್ಣ ಸಭೆಯ ಸುಗ್ಗಿಹಬ್ಬಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಮೂವತ್ತು ಮನೆಯೂ ಇರಲಿಲ್ಲ. ತಗಡಿನ ಚಪ್ಪರ, ಹೊಂಗೆಮರದಡಿ ಒಲೆ, ಕೇರಿಯ ಅಜ್ಜಿಯೊಬ್ಬಳು ಮುದ್ದೆ ತೊಳಸುತ್ತಿದ್ದಳು. ನನ್ನ ಜಾತಿಯನ್ನು ಯಾರೂ ಕೇಳಲಿಲ್ಲ, ‘ಉಂಡ್ಯಾ ಮಗಾ?’ ಅಂತ ಕೇಳಿದರು. ಪಟ್ಟಣದಿಂದ ಬಂದ ದೊಡ್ಡ ಮನುಷ್ಯರೊಬ್ಬರು ಪ್ರೀತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು, ಮಕ್ಕಳಿಗೆ ಪುಸ್ತಕ ಹಂಚಿದರು. ಅಜ್ಜಿ ತಟ್ಟೆ ತಂದು ಮುಂದಿಟ್ಟಳು.

‘ಈಗ ತಾನೇ ಊಟ ಮಾಡ್ಕೊಂಡು ಬಂದೆ ಕಣಮ್ಮ’ ಅಂದರು.

ಅಜ್ಜಿ ಏನೂ ಅನ್ನಲಿಲ್ಲ. ತಟ್ಟೆ ಎತ್ತಿಕೊಂಡು ಬಂದು ನನ್ನ ಮುಂದಿಟ್ಟು, ‘ಬಿಸಿ ಐತೆ, ಉಣ್ಣು’ ಅಂದಳು.