ಹನಿ ನೀರಾವರಿಯ ಸ್ವಯಂಚಾಲಿತ ನಿಯಂತ್ರಕದಲ್ಲಿ ವೇಳಾಪಟ್ಟಿ ರೂಪಿಸುವ ಕ್ರಮ

ಹನಿ ನೀರಾವರಿ ಅಳವಡಿಸಿಕೊಂಡ ಅನೇಕ ರೈತರು ಈಚೆಗೆ ಸ್ವಯಂಚಾಲಿತ ನಿಯಂತ್ರಕ, ವಿದ್ಯುತ್ ವಾಲ್ವ್ ಹಾಗೂ ಮೊಬೈಲ್ ತಂತ್ರಾಂಶಗಳನ್ನು ಬಳಸುತ್ತಿದ್ದಾರೆ. ರಾತ್ರಿ ವೇಳೆ ವಿದ್ಯುತ್ ಬಂದಾಗ ಹೊಲಕ್ಕೆ ಹೋಗುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ನಿಯಂತ್ರಕವು ತಾನಾಗಿ ಏನನ್ನೂ ನಿರ್ಣಯಿಸುವುದಿಲ್ಲ. ನಾವು ದಾಖಲಿಸಿದ ವೇಳಾಪಟ್ಟಿಯನ್ನು ಚಾಚೂ ತಪ್ಪದೆ ನಡೆಸುತ್ತದೆ. ವೇಳಾಪಟ್ಟಿಯಲ್ಲಿ ತಪ್ಪಿದ್ದರೆ ಆ ತಪ್ಪು ಪ್ರತಿದಿನವೂ ಪುನರಾವರ್ತನೆಯಾಗುತ್ತದೆ. ಆದುದರಿಂದ ಅವಧಿಯನ್ನು ಅಂದಾಜಿನ ಮೇಲೆ ನಮೂದಿಸದೆ ಲೆಕ್ಕ ಹಾಕಿ ನಿರ್ಧರಿಸುವುದು ಅವಶ್ಯಕ. ಕೊಳವೆ ಬಾವಿ ಆಧಾರಿತ ಒಂದು ಎಕರೆ ಟೊಮೆಟೊ ಬೆಳೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವಸಿದ್ಧತೆ

1. ಡ್ರಿಪ್ಪರ್‌ಗಳ ನಿಜವಾದ ಹರಿವನ್ನು ಅಳೆಯಬೇಕು. ಗಂಟೆಗೆ 2 ಲೀಟರ್ ಸಾಮರ್ಥ್ಯದ ಡ್ರಿಪ್ಪರ್ 6 ನಿಮಿಷದಲ್ಲಿ 200 ಮಿ.ಲೀ. ನೀರು ಕೊಡಬೇಕು. ಹೊಲದ ಬೇರೆ ಬೇರೆ ಕಡೆ 20 ಡ್ರಿಪ್ಪರ್‌ಗಳ ಕೆಳಗೆ ಪಾತ್ರೆಗಳನ್ನಿಟ್ಟು ಅಳೆಯಿರಿ. ಅತಿ ಕಡಿಮೆ ನೀರು ಬಂದ 5 ಡ್ರಿಪ್ಪರ್‌ಗಳ ಸರಾಸರಿಯು ಒಟ್ಟು ಸರಾಸರಿಯ ಶೇ. 85ಕ್ಕಿಂತ ಕಡಿಮೆಯಿದ್ದಲ್ಲಿ, ಮೊದಲು ಫಿಲ್ಟರ್ ಮತ್ತು ಹನಿ ಕೊಳವೆಗಳನ್ನು ಸ್ವಚ್ಛಗೊಳಿಸಿ, ಅನಂತರ ವೇಳಾಪಟ್ಟಿಗೆ ತೊಡಗಿರಿ.

2. ಹೊಲದಲ್ಲಿನ ಪ್ರತಿ ವಾಲ್ವ್‌ನ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು, ತಂತ್ರಾಂಶದಲ್ಲಿಯೂ ಅದೇ ಸಂಖ್ಯೆಯನ್ನು ದಾಖಲಿಸಬೇಕು.

3. ನಿಯಂತ್ರಕದ ಗಡಿಯಾರವು ಸರಿಯಾದ ಸಮಯ ತೋರಿಸುತ್ತಿದೆಯೇ ಮತ್ತು ಅದರ ಬ್ಯಾಟರಿ ಸುಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸಬೇಕು. ಬ್ಯಾಟರಿ ಕೆಟ್ಟಿದ್ದರೆ ವಿದ್ಯುತ್ ಹೋಗಿ ಬಂದಾಗಲೆಲ್ಲ ಸಮಯ ಅಳಿಸಿಹೋಗುವ ಸಂಭವವಿದೆ.

ನೀರುಣಿಸುವ ಅವಧಿಯ ಲೆಕ್ಕ

ಮಣ್ಣಿನಿಂದ ಆವಿಯಾಗುವ ಹಾಗೂ ಎಲೆಗಳ ಮೂಲಕ ಹೊರಹೋಗುವ ನೀರನ್ನು ಒಟ್ಟಾಗಿ ಬಾಷ್ಪವಿಸರ್ಜನೆ ಎಂದು ಪರಿಗಣಿಸಲಾಗುತ್ತದೆ. ಹವಾಮಾನ ಆಧಾರಿತ ಈ ಅಂಕಿಯನ್ನು ಬೆಳೆ ಗುಣಾಂಕದಿಂದ ಗುಣಿಸಿದರೆ ಬೆಳೆಯ ದೈನಂದಿನ ನೀರಿನ ಅಗತ್ಯ ದೊರೆಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ 56ನೇ ಕೈಪಿಡಿಯ ಪ್ರಕಾರ ಟೊಮೆಟೊ ಬೆಳೆಯ ಗುಣಾಂಕವು ಆರಂಭದಲ್ಲಿ 0.6 ಹಾಗೂ ಹೂವು-ಕಾಯಿ ಹಂತದಲ್ಲಿ 1.15; ಕೊನೆಯ ಹಂತಕ್ಕೆ 0.8 ಎಂದು ತೆಗೆದುಕೊಳ್ಳಬಹುದು. ಪ್ಲಾಸ್ಟಿಕ್ ಹೊದಿಕೆ ಹಾಕಿದ್ದಲ್ಲಿ ಗುಣಾಂಕವನ್ನು ಶೇ. 10ರಿಂದ 30ರಷ್ಟು ತಗ್ಗಿಸಬಹುದು.

ಬಾಷ್ಪವಿಸರ್ಜನೆ ದಿನಕ್ಕೆ 5 ಮಿ.ಮೀ., ಸಾಲಿನ ಅಂತರ 1.2 ಮೀಟರ್, ಡ್ರಿಪ್ಪರ್ ಅಂತರ 40 ಸೆಂ.ಮೀ. ಎಂದು ಭಾವಿಸೋಣ, ಹೊದಿಕೆ ಇಲ್ಲ.

• ಹೂವು-ಕಾಯಿ ಹಂತದ ಅಗತ್ಯ: 5 × 1.15 = 5.75 ಮಿ.ಮೀ.
• ಶೇ. 90 ದಕ್ಷತೆಗೆ ಕೊಡಬೇಕಾದ ನೀರು: 5.75 ÷ 0.9 = 6.39 ಮಿ.ಮೀ.
• ಗಂಟೆಗೆ ಬೀಳುವ ನೀರು: 2 ÷ (1.2 × 0.4) = 4.17 ಮಿ.ಮೀ.
• ಅವಧಿ: 6.39 ÷ 4.17 = 1.53 ಗಂಟೆ, ಅಂದರೆ 92 ನಿಮಿಷ.

ಇದೇ ರೀತಿ ಆರಂಭಿಕ ಹಂತಕ್ಕೆ 48 ನಿಮಿಷ, ಕೊನೆಯ ಹಂತಕ್ಕೆ 64 ನಿಮಿಷ ಬರುತ್ತದೆ. ಬೆಳವಣಿಗೆಯ ಹಂತದಲ್ಲಿ 48ರಿಂದ 92 ನಿಮಿಷಕ್ಕೆ ವಾರವಾರವೂ ಕ್ರಮೇಣ ಏರಿಸುತ್ತಾ ಹೋಗಬೇಕು.

ವಿಭಾಗಗಳು ಮತ್ತು ವಿದ್ಯುತ್ ಸಮಯ

ಮೇಲಿನ ಅಂತರದಲ್ಲಿ ಒಂದು ಎಕರೆಗೆ ಸುಮಾರು 8,430 ಡ್ರಿಪ್ಪರ್‌ಗಳಿದ್ದು, ಎಲ್ಲಕ್ಕೂ ಒಮ್ಮೆಲೇ ನೀರು ಬಿಡಲು ಗಂಟೆಗೆ 16,860 ಲೀಟರ್ ಬೇಕಾಗುತ್ತದೆ. ಕೊಳವೆ ಬಾವಿಯ ಇಳುವರಿ ಗಂಟೆಗೆ 6,000 ಲೀಟರ್ ಮಾತ್ರ ಇದ್ದಲ್ಲಿ ಹೊಲವನ್ನು ಮೂರು ವಿಭಾಗ ಮಾಡಬೇಕು. ಆಗ ಪ್ರತಿ ವಿಭಾಗಕ್ಕೆ 5,620 ಲೀಟರ್ ಸಾಕಾಗುತ್ತದೆ. ಒಟ್ಟು ಅವಧಿ 276 ನಿಮಿಷ, ಅಂದರೆ 4 ಗಂಟೆ 36 ನಿಮಿಷ. ಮೂರು ಫೇಸ್ ವಿದ್ಯುತ್ 7 ಗಂಟೆ ದೊರೆತರೆ ಇದು ಸುಲಭವಾಗಿ ಮುಗಿಯುತ್ತದೆ.

ಆದರೆ ವಿದ್ಯುತ್ ಎರಡು ಪಾಳಿಗಳಲ್ಲಿ ಬರುವುದುಂಟು. ಬೆಳಿಗ್ಗೆ 6ರಿಂದ 10ರವರೆಗೆ ವಿದ್ಯುತ್ ಇದ್ದು, ನೀರುಣಿಕೆ 6.10ಕ್ಕೆ ಆರಂಭವಾದರೆ, ವಿದ್ಯುತ್ ಹೋಗುವ ವೇಳೆಗೆ ಮೂರನೇ ವಿಭಾಗಕ್ಕೆ 46 ನಿಮಿಷ ಮಾತ್ರ ನೀರು ಸಿಕ್ಕಿರುತ್ತದೆ. 'ಉಳಿದ ಅವಧಿಯಿಂದ ಮುಂದುವರಿಸು' ಎಂಬ ಆಯ್ಕೆ ಇಲ್ಲದಿದ್ದರೆ, ರಾತ್ರಿ ವಿದ್ಯುತ್ ಬಂದಾಗ ನಿಯಂತ್ರಕವು ಮತ್ತೆ ಒಂದನೇ ವಿಭಾಗದಿಂದಲೇ ಆರಂಭಿಸಬಹುದು. ಹೀಗಾದಲ್ಲಿ ಒಂದನೇ ವಿಭಾಗಕ್ಕೆ ಇಮ್ಮಡಿ ನೀರು, ಮೂರನೆಯದಕ್ಕೆ ಅರೆಹೊಟ್ಟೆ. ಟೊಮೆಟೊದಲ್ಲಿ ಏರುಪೇರಾದ ತೇವಾಂಶವು ಕಾಯಿ ಸೀಳುವಿಕೆಗೂ, ಸುಣ್ಣದ ಅಂಶ ಕಾಯಿಗೆ ತಲಪದೆ ತುದಿ ಕೊಳೆಯುವುದಕ್ಕೂ ಕಾರಣವಾಗುತ್ತದೆ. ಆದುದರಿಂದ ನಿಯಂತ್ರಕ ಕೊಳ್ಳುವ ಮುನ್ನವೇ ಈ ಸೌಲಭ್ಯವಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ವಿದ್ಯುತ್ ಬಂದ ಕೂಡಲೇ ಮೋಟಾರು ಚಾಲೂ ಆಗದಂತೆ ಕೆಲವು ನಿಮಿಷಗಳ ವಿಳಂಬವನ್ನು ನಮೂದಿಸಬೇಕು. ಒಂದೇ ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ರೈತರು ಪರಸ್ಪರ ಮಾತನಾಡಿಕೊಂಡು ಬೇರೆ ಬೇರೆ ವಿಳಂಬ ಇಟ್ಟುಕೊಂಡರೆ, ಎಲ್ಲ ಮೋಟಾರುಗಳೂ ಏಕಕಾಲಕ್ಕೆ ಆರಂಭವಾಗಿ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಹೊರೆ ತಪ್ಪುತ್ತದೆ.

ಕಾರ್ಯಗಳ ಅನುಕ್ರಮ

• ಮೊದಲು ವಾಲ್ವ್ ತೆರೆಯಬೇಕು, ಅನಂತರ ಮೋಟಾರು ಚಾಲೂ ಆಗಬೇಕು. ಕೊನೆಯಲ್ಲಿ ಮೊದಲು ಮೋಟಾರು ನಿಂತು, ಬಳಿಕ ವಾಲ್ವ್ ಮುಚ್ಚಬೇಕು.
• ವಿಭಾಗ ಬದಲಾಗುವಾಗ ಮುಂದಿನ ವಾಲ್ವ್ ತೆರೆದ ನಂತರವೇ ಹಿಂದಿನದು ಮುಚ್ಚುವಂತಿರಬೇಕು. ಇಲ್ಲವಾದಲ್ಲಿ ಒತ್ತಡ ಹೆಚ್ಚಿ ಪೈಪುಗಳ ಜೋಡಣೆ ಬಿಟ್ಟುಕೊಳ್ಳುತ್ತದೆ.
• ರಸಾವರಿ ದಿನಗಳಲ್ಲಿ 92 ನಿಮಿಷವನ್ನು ಮೂರು ಭಾಗ ಮಾಡಿ: ಮೊದಲ 23 ನಿಮಿಷ ಬರೀ ನೀರು, ನಡುವಿನ 46 ನಿಮಿಷ ಗೊಬ್ಬರದ ದ್ರಾವಣ, ಕೊನೆಯ 23 ನಿಮಿಷ ಕೊಳವೆ ತೊಳೆಯಲು ಬರೀ ನೀರು. ವಿದ್ಯುತ್ ನಡುವೆ ಕಡಿತವಾಗುವ ವಿಭಾಗದಲ್ಲಿ ಗೊಬ್ಬರವು ಕೊಳವೆಯಲ್ಲಿಯೇ ಉಳಿಯುವುದರಿಂದ, ಆ ವಿಭಾಗದ ರಸಾವರಿಯನ್ನು ಪೂರ್ಣ ಅವಧಿ ವಿದ್ಯುತ್ ಇರುವ ದಿನಕ್ಕೆ ನಿಗದಿಪಡಿಸಬೇಕು.
• ಕ್ಯಾಲ್ಸಿಯಂ ನೈಟ್ರೇಟ್ ಅನ್ನು ರಂಜಕ ಅಥವಾ ಸಲ್ಫೇಟ್ ಯುಕ್ತ ಗೊಬ್ಬರಗಳೊಂದಿಗೆ ಒಂದೇ ತೊಟ್ಟಿಯಲ್ಲಿ ಬೆರೆಸಬಾರದು; ಗಷ್ಟು ಉಂಟಾಗಿ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ.

ಮಳೆ ಮತ್ತು ಮೋಡದ ದಿನಗಳು

ಪ್ರತಿಬಾರಿಯೂ ಇಡೀ ವೇಳಾಪಟ್ಟಿಯನ್ನು ತಿದ್ದುವ ಅಗತ್ಯವಿಲ್ಲ. ಹೆಚ್ಚಿನ ತಂತ್ರಾಂಶಗಳಲ್ಲಿ ಶೇಕಡಾವಾರು ಹೊಂದಾಣಿಕೆ ಇರುತ್ತದೆ. ಬಾಷ್ಪವಿಸರ್ಜನೆ 5ರಿಂದ 3.5 ಮಿ.ಮೀ.ಗೆ ಇಳಿದರೆ ಶೇ. 70 ಎಂದು ನಮೂದಿಸಿ. 92 ನಿಮಿಷ ತಾನಾಗಿ 64 ನಿಮಿಷವಾಗುತ್ತದೆ. ಹದವಾದ ಮಳೆ ಬಿದ್ದಾಗ ಒಂದೆರಡು ದಿನಗಳ ಮಳೆ ವಿರಾಮ ನೀಡಿ. ಟೆನ್ಸಿಯೋಮೀಟರ್ ಇದ್ದಲ್ಲಿ, ಸೂಚಿಯು ಸತತವಾಗಿ 10 ಸೆಂಟಿಬಾರ್‌ಗಿಂತ ಕೆಳಗೇ ಉಳಿದಿದ್ದರೆ ನೀರು ಅತಿಯಾಗುತ್ತಿದೆ ಎಂದು ತಿಳಿಯಬೇಕು.

ಸುರಕ್ಷತೆ

ಇದು ಅತಿ ಮುಖ್ಯವಾದ ಅಂಶ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮೋಟಾರು ಯಾವ ಕ್ಷಣದಲ್ಲಾದರೂ ಚಾಲೂ ಆಗಬಹುದು. ಮನೆಯಲ್ಲಿರುವವರು ಮೊಬೈಲ್‌ನಿಂದಲೂ ಚಾಲೂ ಮಾಡಬಹುದು. ಸ್ಟಾರ್ಟರ್, ಕೇಬಲ್ ಅಥವಾ ಮೋಟಾರನ್ನು ಮುಟ್ಟುವ ಮುನ್ನ ಮೊಬೈಲ್‌ನಲ್ಲಿ ವೇಳಾಪಟ್ಟಿ ನಿಲ್ಲಿಸಿದರೆ ಸಾಲದು. ಮುಖ್ಯ ಸ್ವಿಚ್ ಆರಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು. ಕೂಲಿಯಾಳುಗಳಿಗೂ ಮನೆಯವರಿಗೂ ಈ ನಿಯಮವನ್ನು ತಿಳಿಸಿರಬೇಕು.

ನೀರಿಲ್ಲದೆ ಮೋಟಾರು ಓಡದಂತೆ ಹಾಗೂ ಒಂದು ಫೇಸ್ ಹೋದಾಗ ನಿಲ್ಲುವಂತೆ ರಕ್ಷಣಾ ಸಾಧನಗಳನ್ನು ಅಳವಡಿಸಿರಬೇಕು. ಗೊಬ್ಬರದ ದ್ರಾವಣ ಕೊಳವೆ ಬಾವಿಗೆ ಹಿಂದಿರುಗದಂತೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಕಡ್ಡಾಯ. ನೀರಿನ ಮೀಟರ್ ಇದ್ದಲ್ಲಿ ಪ್ರತಿ ವಿಭಾಗದ ಸಹಜ ಹರಿವನ್ನು ದಾಖಲಿಸಿ, ಎಚ್ಚರಿಕೆ ಸಂದೇಶದ ಮಿತಿಯನ್ನು ಇರಿಸಿ. ಹರಿವು ಹೆಚ್ಚಿದರೆ ಕೊಳವೆ ಒಡೆದಿರಬಹುದು. ಕಡಿಮೆಯಾದರೆ ಫಿಲ್ಟರ್ ಕಟ್ಟಿರಬಹುದು ಅಥವಾ ಬಾವಿಯ ಇಳುವರಿ ಕುಸಿದಿರಬಹುದು.

ನಿರ್ವಹಣೆ

ವೇಳಾಪಟ್ಟಿಯು ಮೊಬೈಲ್‌ನಲ್ಲಿ ಮಾತ್ರವಲ್ಲದೆ ಹೊಲದ ನಿಯಂತ್ರಕದಲ್ಲಿಯೂ ಉಳಿಯುವಂತಿರಬೇಕು. ಸಿಮ್ ಅವಧಿ ಮುಗಿದರೂ ನೀರುಣಿಕೆ ನಿಲ್ಲಬಾರದು. ಕಂಪನಿ ಕೊಟ್ಟ ಮೂಲ ಪಾಸ್‌ವರ್ಡ್ ಬದಲಾಯಿಸಿ, ಮನೆಯ ಇನ್ನೊಬ್ಬರಿಗೂ ಬಳಕೆ ಕಲಿಸಿ. ಅವಧಿಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಪಂಪ್‌ಮನೆಯಲ್ಲಿ ಅಂಟಿಸಿಡಿ. ಮೊದಲ ವಾರ ಪ್ರತಿದಿನ, ಅನಂತರ ವಾರಕ್ಕೊಮ್ಮೆ ಸಾಲುಗಳಲ್ಲಿ ನಡೆದು ನೋಡಿ, ಬೇರಿನ ಆಳದ ಮಣ್ಣನ್ನು ಅಗೆದು ಹಿಂಡಿ ತೇವವನ್ನು ಪರೀಕ್ಷಿಸಿ.

ಸ್ಥಳೀಯ ಬಾಷ್ಪವಿಸರ್ಜನೆಯ ಅಂಕಿ ಹಾಗೂ ಇತರ ಬೆಳೆಗಳ ಗುಣಾಂಕಗಳಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.